ಗಾಡಿ ಹೆಂಗೈತಿ ಅಂತ ಯಾರನ್ನ ಕೇಳಬೇಕು?

ನಮ್ಮ ಅಕ್ಕಲಕೋಟ ತಾಲೂಕಿನ ಯಾವ ಹಳ್ಳಿಗಾದರೂ ಹೋಗ್ರಿ, ಒಬ್ಬರ ಮನಿ ಮುಂದ ಹೊಸ ಗಾಡಿ ಬಂದು ನಿಂತರೆ ಮಂದಿ ಕೇಳೋದು ಎರಡೇ ಮಾತು. ಒಂದು, "ಎಷ್ಟಕ್ಕ ಬಿತ್ತು?" ಇನ್ನೊಂದು, "ಹೆಂಗೈತಿ?" ಮೊದಲಿನದಕ್ಕೆ ಖರೆ ಉತ್ತರ ಸಿಗುತ್ತದೆ, ಯಾಕಂದ್ರೆ ಸೋಲಾಪುರದ ಶೋರೂಮಿನ ರೇಟು ಮುಚ್ಚಿಡುವಂಥದ್ದಲ್ಲ. ಎರಡನೆಯದಕ್ಕೆ ಸಿಗುವ ಉತ್ತರ ಎಲ್ಲಾ ಊರಾಗೂ ಒಂದೇ: "ಭಾರಿ ಐತಿ ಕಾಕಾ, ರಾಜಾನಂಗ ಕೂತು ಹೋಗೂದು!" ಈ ಉತ್ತರ ಕೇಳಿಕೊಂಡು ಮುಂದಿನ ವರ್ಷ ಇನ್ನೊಬ್ಬ ಹುಡುಗ ತರುತ್ತಾನೆ. ಅವನ್ನ ಕೇಳಿ ಮತ್ತೊಬ್ಬ. ನನ್ನ ತಕರಾರು ಗಾಡಿಯ ಮೇಲೆ ಕಡಿಮೆ, ಈ ಉತ್ತರದ ಮೇಲೆ ಹೆಚ್ಚು. ಇದು ಸುಳ್ಳು ಸಾಕ್ಷಿ. ಹೇಳುವವನಿಗೂ ಅದು ಸುಳ್ಳು ಅಂತ ಗೊತ್ತಿರೋದಿಲ್ಲ, ಅದೇ ಅದರ ಅಪಾಯ.

ನಾನು ಹೇಳುತ್ತಿರುವುದು ದುಬಾರಿ ಕ್ರೂಸರ್ ಗಾಡಿಗಳ ಬಗ್ಗೆ. ನಮ್ಮಲ್ಲಿ ದಪ್ಪ ಗಾಡಿ ಕಂಡ್ರ ಎಲ್ಲಾನೂ 'ಬುಲೆಟ್'ಟೇ. ಆದರೆ ಕ್ರೂಸರಿನ ಜಾತಿ ಬೇರೆ. ಸೀಟು ಕೆಳಗೆ, ಹ್ಯಾಂಡಲ್ ಹಿಂದಕ್ಕೆ ಬಾಗಿರುತ್ತದೆ, ಕಾಲು ಮುಂದಕ್ಕೆ ಚಾಚಬೇಕು, ಗಾಡಿ ಉದ್ದ. ಬಜಾಜದವರ ಅವೆಂಜರ್ 2005ರಲ್ಲಿ ಬಂದಾಗ ನಮ್ಮ ಕಡೆ ಈ ಕೂಡುವ ರೀತಿ ಹೊಸದು. ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350 ಬಂದದ್ದು 2020ರ ನವೆಂಬರದಲ್ಲಿ, ಸೂಪರ್ ಮೀಟಿಯರ್ 650 ಬಂದದ್ದು 2023ರ ಜನವರಿಯಲ್ಲಿ. ಆಮೇಲೆ ನೋಡ್ರಿ, ತೊಗರಿ ಮಾರಿದ ವಾರ, ಕಬ್ಬಿನ ಬಿಲ್ಲು ಜಮಾ ಆದ ವಾರ ಶೋರೂಮಿನೊಳಗ ನಮ್ಮ ಹುಡುಗರೇ.

ಈ ಗಾಡಿಯ ರೂಪ ಹುಟ್ಟಿದ್ದು ಅಮೆರಿಕದ ರಸ್ತೆಯಿಂದ. ಹಾರ್ಲೆ-ಡೇವಿಡ್ಸನ್ ಕಂಪನಿ 1903ರಲ್ಲಿ ಮಿಲ್ವಾಕಿ ಊರಿನಲ್ಲಿ ಶುರುವಾಯಿತು. ಅಲ್ಲಿಯ ರಸ್ತೆ ನೂರಾರು ಮೈಲು ಸರಳ, ತಿರುವಿಲ್ಲ, ಎತ್ತು ಅಡ್ಡ ಬರೋದಿಲ್ಲ. ಅಂಥ ರಸ್ತೆಗೆ ಮಾಡಿದ ಕೂಡುವಿಕೆ ಇದು. ನಮ್ಮ ರಸ್ತೆಯಲ್ಲಿ ಅದೇನಾಗುತ್ತದೆ ಅನ್ನೋದನ್ನು ದೇಹಕ್ಕೆ ಸಂಬಂಧಿಸಿದ ಲೆಕ್ಕದಿಂದಲೇ ಹೇಳಬಹುದು. ಸಣ್ಣ ಗಾಡಿಯ ಮೇಲೆ ಕೂತಾಗ ಕಾಲು ನಮ್ಮ ಕೆಳಗೇ ಇರುತ್ತದೆ. ಗುಂಡಿ ಕಂಡ ಕೂಡಲೇ ಕಾಲಿನ ಮೇಲೆ ಭಾರ ಹಾಕಿ ಸ್ವಲ್ಪ ಏಳುತ್ತೇವೆ, ಪೆಟ್ಟು ಮೊಳಕಾಲಿಗೆ ಹೋಗುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ಏಳಲಿಕ್ಕೆ ಬರೋದಿಲ್ಲ. ಗುಂಡಿಯ ಪೆಟ್ಟು ಸೀದಾ ಬೆನ್ನೆಲುಬಿನ ಬುಡಕ್ಕೆ. ಸೋಲಾಪುರ–ವಿಜಯಪುರ ಚತುಷ್ಪಥದ ಮೇಲೆ ಇದು ಗೊತ್ತಾಗೋದೇ ಇಲ್ಲ, ಅಲ್ಲಿ ಖರೆನೇ ರಾಜನಂಗ. ಊರಿನ ಅಗಸಿಯಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ರಾಜ ಇಳಿದು ತಳ್ಳಬೇಕಾಗುತ್ತದೆ.

ತಳ್ಳೋದಂದ್ರ ಎಷ್ಟು? ಸ್ಪ್ಲೆಂಡರ್ ಗಾಡಿ ಸುಮಾರು 112 ಕಿಲೋ. ಮೀಟಿಯರ್ 191. ಸೂಪರ್ ಮೀಟಿಯರ್ 241, ಅಂದರೆ ಎರಡು ಕ್ವಿಂಟಲ್ ಚೀಲದ ಮೇಲೆ ಇನ್ನೊಂದು 41 ಕಿಲೋ. ಅದರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 135 ಮಿಲಿಮೀಟರ್, ಐದು ಇಂಚು ಚಿಲ್ಲರೆ. ನಮ್ಮ ಪಂಚಾಯತಿಯವರು ಹಾಕಿಸಿದ ಸ್ಪೀಡ್ ಬ್ರೇಕರ್ ಯಾವ ಅಳತೆಗೂ ಸಿಗದ ಜಾತಿಯದು, ಅದರ ಮಾತು ಬಿಡ್ರಿ. ಎರಿ ನೆಲ, ಎರಡು ಮಳೆ ಬಿದ್ದ ಮೇಲೆ, ಮಡ್‌ಗಾರ್ಡಿನೊಳಗ ಮಣ್ಣು ತುಂಬಿ ಗಾಲಿ ತಿರುಗದಂಗಾದಾಗ 241 ಕಿಲೋ ಅಂದ್ರ ಏನು ಅಂತ ಶೋರೂಮಿನ ಎಸಿಯೊಳಗ ತಿಳಿಯೋದಿಲ್ಲ.

ಇಷ್ಟೆಲ್ಲಾ ಇದ್ದರೂ "ಭಾರಿ ಐತಿ ಕಾಕಾ" ಅನ್ನುತ್ತಾರಲ್ಲ, ಯಾಕ? ಸುಳ್ಳು ಹೇಳಬೇಕು ಅಂತಲ್ಲ. ರೊಕ್ಕ ಕೊಟ್ಟ ಮೇಲೆ ಮನುಷ್ಯನ ಕಣ್ಣು ಬೇರೆ ಆಗುತ್ತದೆ. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮನೆಬಳಕೆಯ ಸಾಮಾನುಗಳನ್ನು ಮುಂದಿಟ್ಟು ಹೆಣ್ಣುಮಕ್ಕಳಿಗೆ ಅಂಕ ಕೊಡಲು ಹೇಳಿದರು. ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಂಡು ಮನೆಗೆ ಒಯ್ಯಿರಿ ಅಂದರು. ಆರಿಸಿಕೊಂಡಾದ ಮೇಲೆ ಮತ್ತೊಮ್ಮೆ ಅಂಕ ಕೇಳಿದಾಗ, ತಮ್ಮದಾದ ಸಾಮಾನಿಗೆ ಅಂಕ ಏರಿತ್ತು, ಬಿಟ್ಟ ಸಾಮಾನಿಗೆ ಇಳಿದಿತ್ತು. ಸಾಮಾನು ಅದೇ, ಬದಲಾಗಿದ್ದು 'ನಂದು' ಅನ್ನೋದೊಂದೇ. ಮರುವರ್ಷ 1957ರಲ್ಲಿ ಹೊಸದಾಗಿ ಕಾರು ಕೊಂಡವರ ಮೇಲೆ ಇನ್ನೊಂದು ಅಧ್ಯಯನವಾಯಿತು. ಕಾರು ಕೊಂಡಾದ ಮೇಲೆಯೂ ಅವರು ಕಾರಿನ ಜಾಹೀರಾತು ಓದುತ್ತಲೇ ಇದ್ದರು. ಅದೂ ತಾವು ಕೊಂಡ ಕಾರಿನದೇ ಹೆಚ್ಚು, ನೋಡಿ ಬಿಟ್ಟ ಕಾರಿನದು ಕಡಿಮೆ. ಕೊಂಡಾದ ಮೇಲೆ ಜಾಹೀರಾತು ಯಾಕ ಬೇಕು? ಮಾಡಿದ್ದು ಸರಿ ಅಂತ ಯಾರಾದರೂ ಹೇಳಲಿ ಅಂತ. ಅದೇ ವರ್ಷ ಲಿಯಾನ್ ಫೆಸ್ಟಿಂಗರ್ ಅನ್ನುವವರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ನಮ್ಮ ಹಿರಿಯರಿಗೆ ಇದು ಪುಸ್ತಕ ಇಲ್ಲದೇ ಗೊತ್ತಿತ್ತು, ಅದಕ್ಕೇ ಅವರು ಎತ್ತು ಕೊಳ್ಳುವ ಮೊದಲು ಆ ಎತ್ತು ಮಾರುವವನನ್ನು ಕೇಳುತ್ತಿರಲಿಲ್ಲ, ಅವನ ಹೊಲದ ಪಕ್ಕದವನನ್ನು ಕೇಳುತ್ತಿದ್ದರು.

ಪಟ್ಟಣದಲ್ಲಿ ಈ ರೋಗಕ್ಕೆ ಸ್ವಲ್ಪ ಔಷಧ ಉಂಟು. ಅಲ್ಲಿ ಗಾಡಿ ಸೇರದಿದ್ದರೆ ಒಂದು ವರ್ಷದಲ್ಲಿ ಮಾರಿಬಿಟ್ಟರೆ ಯಾರೂ ಕೇಳುವವರಿಲ್ಲ. ಹಳ್ಳಿಯಲ್ಲಿ ಮಾರಿದರೆ "ಹಪ್ತಾ ಕಟ್ಟಾಕ ಆಗಲಿಲ್ಲೇನೋ" ಅಂತ ಎಸ್.ಟಿ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ತಿಂಗಳುಗಟ್ಟಲೆ ಮಾತು. ಆ ಮಾತಿಗೆ ಹೆದರಿ ನಾಲ್ಕು ವರ್ಷ ಬೆನ್ನು ನೋಯಿಸಿಕೊಂಡು ಗಾಡಿ ಹೊಡೆಯುವ ಹುಡುಗರನ್ನು ನಾನು ಬಲ್ಲೆ. ಅವರಿಗೆ ಪಶ್ಚಾತ್ತಾಪ ಇಲ್ಲ ಅಂತಲ್ಲ, ಅದನ್ನು ಹೇಳಲು ಊರು ಜಾಗ ಕೊಟ್ಟಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಗಾಡಿಯ ಮಾಲಕ ತೃಪ್ತನೋ ಅಲ್ಲವೋ ಅಂತ ಕೇಳುತ್ತೀರಲ್ಲ, ಮಾಲಕ ಯಾರು? ಆರ್‌ಸಿ ಕಾರ್ಡಿನ ಮೇಲೆ ಹುಡುಗನ ಹೆಸರಿದೆ. ರೊಕ್ಕ ಯಾರದು? ಶೋರೂಮಿನವರು ಹದಿನೈದು ದಿನಕ್ಕೆ ಫೋನ್ ಮಾಡಿ "ಸರ್, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ" ಅಂತ ಕೇಳುತ್ತಾರೆ. ಹುಡುಗ ಹತ್ತಕ್ಕೆ ಹತ್ತು ಅನ್ನುತ್ತಾನೆ. ಆ ಫೋನು ಒಮ್ಮೆ ಅವನ ಅಪ್ಪನಿಗೆ ಹೋಗಲಿ ಅಂತೀನಿ.

ಲೆಕ್ಕ ಮಾಡೋಣ. ನಾನು ಮಾಸ್ತರ, ಏಳನೆಯ ಇಯತ್ತೆಯ ಮಕ್ಕಳಿಗೆ ಸರಳಬಡ್ಡಿ ಕಲಿಸುತ್ತೇನೆ, ಈ ಲೆಕ್ಕ ಅವರಿಗೂ ಬರುತ್ತದೆ. ಗಾಡಿ ರಸ್ತೆಗೆ ಬರುವಾಗ ಎರಡೂವರೆ ಲಕ್ಷ ಅಂತ ಹಿಡೀರಿ. 50,000 ಕೈಯಿಂದ, 2 ಲಕ್ಷ ಸಾಲ, ನಾಲ್ಕು ವರ್ಷ. ಫೈನಾನ್ಸಿನ ಹುಡುಗ "ಬರೇ ಹತ್ತು ಪರ್ಸೆಂಟ್ ಫ್ಲ್ಯಾಟ್" ಅನ್ನುತ್ತಾನೆ. ಹತ್ತು ಕೇಳಿದ ಕೂಡಲೇ ನಮ್ಮವರಿಗೆ ಹಗುರ ಅನಿಸುತ್ತದೆ, ಊರ ಸಾಹುಕಾರ ತಿಂಗಳಿಗೆ ಎರಡು-ಮೂರು ರೂಪಾಯಿ ಹಿಡಿದದ್ದು ನೆನಪಿರುತ್ತದಲ್ಲ. 2 ಲಕ್ಷಕ್ಕೆ ವರ್ಷಕ್ಕೆ 20,000, ನಾಲ್ಕು ವರ್ಷಕ್ಕೆ 80,000 ಬಡ್ಡಿ. ಒಟ್ಟು 2,80,000, ಅದನ್ನು 48ರಿಂದ ಭಾಗಿಸಿದರೆ ತಿಂಗಳ ಹಪ್ತಾ 5,833. ಆದರೆ ಮೊದಲ ತಿಂಗಳಿಂದಲೇ ನೀವು ಅಸಲು ತೀರಿಸುತ್ತಾ ಬಂದಿರುತ್ತೀರಿ. ಕೊನೆಯ ವರ್ಷ ಉಳಿದಿರುವ ಸಾಲ ಎಷ್ಟೋ ಕಡಿಮೆ, ಆದರೂ ಬಡ್ಡಿ ಪೂರಾ 2 ಲಕ್ಷದ ಮೇಲೆಯೇ. ಉಳಿದ ಸಾಲದ ಮೇಲೆ ಮಾತ್ರ ಹತ್ತು ಪರ್ಸೆಂಟ್ ಹಾಕಿದ್ದರೆ ಹಪ್ತಾ 5,072, ಒಟ್ಟು ಬಡ್ಡಿ ಸುಮಾರು 43,500. ಅವನ 'ಹತ್ತು ಫ್ಲ್ಯಾಟ್' ಅನ್ನೋದು ಖರೆ ಲೆಕ್ಕಕ್ಕೆ 17.6 ಪರ್ಸೆಂಟ್.

ಕೈಯಿಂದ ಕೊಟ್ಟದ್ದು ಸೇರಿ ಗಾಡಿಯ ಬೆಲೆ 3,30,000 ಆಯಿತು. 2025-26ರ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಷ್ಟು ಸಿಕ್ಕಿತು ಅಂತಲೇ ಹಿಡೀರಿ (ಸಿಕ್ಕ ವರ್ಷ ಯಾವುದು ಅಂತ ಅಡತಿ ಅಂಗಡಿಯವರನ್ನ ಕೇಳ್ರಿ), 41 ಕ್ವಿಂಟಲ್ ತೊಗರಿ. ನಮ್ಮ ಮಳೆಯಾಶ್ರಿತ ಹೊಲದಾಗ ಎಕರೆಗೆ ನಾಲ್ಕು ಕ್ವಿಂಟಲ್ ಬಂದ್ರ ಪುಣ್ಯ. ಹತ್ತು ಎಕರೆಯ ಒಂದು ವರ್ಷದ ಪೂರಾ ಬೆಳೆ, ಬೀಜ-ಗೊಬ್ಬರ-ಕೂಲಿಯ ಖರ್ಚು ತೆಗೆಯದೇ. ಹತ್ತು ಎಕರೆ ಇದ್ದವರು ನಮ್ಮ ಊರಾಗ ಎಷ್ಟು ಮನಿ?

ಪೆಟ್ರೋಲು ಬೇರೆ. ದಿನಕ್ಕೆ 40 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಹೊಡೆದರೆ 1,000 ಕಿಲೋಮೀಟರ್. ಲೀಟರಿಗೆ ನೂರು ರೂಪಾಯಿ ಅಂತ ಹಿಡಿಯೋಣ, ಲೆಕ್ಕಕ್ಕೆ ಸರಳ. 60ರ ಎವರೇಜ್ ಕೊಡುವ ಸಣ್ಣ ಗಾಡಿಗೆ ಸುಮಾರು 1,670. 30ರ ಎವರೇಜಿನ ದೊಡ್ಡ ಗಾಡಿಗೆ 3,330. ಹಪ್ತಾ ಕೂಡಿಸಿದರೆ ತಿಂಗಳಿಗೆ ಒಂಬತ್ತು ಸಾವಿರದ ಮೇಲೆ. ವಿಮೆಯದೂ ಒಂದು ಮಾತು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 350 ಸಿಸಿ ದಾಟಿದರೆ 2022ರ ದರದಂತೆ ಅದೊಂದಕ್ಕೇ 15,117 ರೂಪಾಯಿ. ಅದೇ ವಿಮೆಯವರ ಲೆಕ್ಕದಲ್ಲಿ ಗಾಡಿಗೆ ಮೂರು ವರ್ಷ ದಾಟಿದರೆ ನೂರಕ್ಕೆ 40 ಕಡಿತ, ನಾಲ್ಕು ದಾಟಿದರೆ 50. ಹಪ್ತಾ ಮುಗಿದ ದಿನ ಕೈಗೆ ಬರುವ ಕಾಗದ ಅರ್ಧ ಗಾಡಿಯದು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಗಾಡಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನದಕ್ಕೆ 40 ಆಯಿತು. ಇಳಿದಿದ್ದೇ ತಡ, "ಇಪ್ಪತ್ತು ಸಾವಿರ ಉಳಿಸಿದೆ ಸರ್" ಅಂತ ನನ್ನ ಹಳೇ ವಿದ್ಯಾರ್ಥಿಯೊಬ್ಬ ಪೇಢೆ ತಂದು ಕೊಟ್ಟ. ಎರಡು ಲಕ್ಷ ಖರ್ಚು ಮಾಡಿ ಇಪ್ಪತ್ತು ಸಾವಿರ ಉಳಿಸುವ ಗಣಿತ ನಾನು ಕಲಿಸಿದ್ದಲ್ಲ. ಪೇಢೆ ಮಾತ್ರ ಚಲೋ ಇತ್ತು.

ಸಾಲದ ಕಾಗದದ ಬಗ್ಗೆ ಗಡಿನಾಡಿನ ನಮಗೆ ಇನ್ನೊಂದು ಸಂಕಟವಿದೆ. ಕಾಗದ ಇಂಗ್ಲಿಷಿನದು, ವಿವರಿಸುವವನ ಮಾತು ಮರಾಠಿಯದು, ಸಹಿ ಮಾಡುವ ಅಪ್ಪ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವರು. ಜಾಮೀನುದಾರ ಅಂತ ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ಸಹಿ. ಇದಕ್ಕೆ ಉಪಾಯ ಇಲ್ಲ ಅಂತ ಸುಮ್ಮನಿರಬೇಡಿ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ವಿವರಪತ್ರ ಕೊಡಲೇಬೇಕು. ಎಲ್ಲಾ ಖರ್ಚು ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಅನ್ನುವುದು ಅದರಲ್ಲಿ ಇರಬೇಕು. ಅದು ಸಾಲ ಪಡೆಯುವವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಮತ್ತು ಕಡಿಮೆ ಅಂದರೆ ಮೂರು ಕೆಲಸದ ದಿನ ಆ ಶರತ್ತು ಹಾಗೇ ಇರಬೇಕು, ಅಂದರೆ ಕಾಗದ ಮನೆಗೆ ತಂದು ಓದಿ, ಇನ್ನೊಬ್ಬರಿಂದ ಓದಿಸಿ, ಬೇಡ ಅನ್ನಲು ಸಮಯವಿದೆ. ಮಹಾರಾಷ್ಟ್ರದಲ್ಲಿ ಇದ್ದೇವೆ ಅಂತ ಕನ್ನಡದಲ್ಲಿ ಕೇಳಲು ನಾಚಬೇಕಾಗಿಲ್ಲ. ಕೇಳಿದವರು ಎಷ್ಟು ಮಂದಿ? ಗಾಡಿಯ ಬಣ್ಣ ಆರಿಸಲು ಮೂರು ಸಲ ಸೋಲಾಪುರಕ್ಕೆ ಹೋಗಿ ಬಂದವರಿಗೆ ಈ ಒಂದು ಹಾಳೆ ಕೇಳಲು ಪುರುಸೊತ್ತಿರಲಿಲ್ಲ.

ಇನ್ನು ಹೇಳದೇ ಬಿಡಬಾರದ ಮಾತು. ಈ ಗಾಡಿಗಳಲ್ಲಿ ಒಂದು ಪಾಲು ಹುಡುಗ ಕೊಂಡದ್ದೂ ಅಲ್ಲ, ಅವನ ಅಪ್ಪ ಕೊಂಡದ್ದೂ ಅಲ್ಲ. ಮಾತುಕತೆಯ ದಿನ "ನಮಗೇನೂ ಬ್ಯಾಡ್ರಿ, ಹುಡುಗನ ಮನಸಿನಾಗ ಒಂದು ಗಾಡಿ ಐತಿ" ಅಂತ ಹಿರಿಯರೊಬ್ಬರು ಸುಮ್ಮನೆ ಅಂದಂಗೆ ಅನ್ನುತ್ತಾರೆ. ಹಿಂದೆ ಯಾವುದೋ ಒಂದು ಗಾಡಿ ಆದರೆ ಸಾಕಿತ್ತು, ಈಗ ಮಾಡೆಲ್ಲು, ಬಣ್ಣ ಕೂಡ ಹೇಳಿ ಕಳಿಸುತ್ತಾರೆ. ಹುಡುಗಿಯ ಅಪ್ಪ ಅಡವಿಟ್ಟದ್ದು ಹೊಲವೋ, ಅವ್ವನ ಬೋರಮಾಳವೋ, ಯಾರು ಕೇಳುತ್ತಾರೆ. 1961ರ ಕಾಯ್ದೆಯ ಪ್ರಕಾರ ಕೊಡೋದೂ ಅಪರಾಧ, ತಗೊಳ್ಳೋದೂ ಅಪರಾಧ. ಆ ಅಪರಾಧದ ಮೇಲೆ ಹಾರ ಹಾಕಿ, ನಿಂಬೆಹಣ್ಣು ಗಾಲಿಯ ಕೆಳಗೆ ಇಟ್ಟು, ಮಂಟಪದ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ಆ ಅಳಿಯನನ್ನು "ಗಾಡಿ ಹೆಂಗೈತಿ?" ಅಂತ ಕೇಳಿದರೆ ಯಾಕ ಚಲೋ ಇಲ್ಲ ಅಂದಾನು? ಬೆನ್ನು ನೋವು ಅವನದಾದರೂ ಬೆನ್ನು ಮುರಿದದ್ದು ಬೇರೆಯವರದು. ಇಂಥ ಗಾಡಿಯ ಬಗ್ಗೆ ಅಭಿಪ್ರಾಯ ಬೇಕಿದ್ದರೆ ಹುಡುಗಿಯ ತವರಿಗೆ ಹೋಗಿ ಕೇಳ್ರಿ, ಅದೂ ಪಂಚಮಿ ಹಬ್ಬಕ್ಕೆ ಅವಳು ತವರಿಗೆ ಬಂದಾಗ.

ಅವಳನ್ನೇ ಕೇಳಬಹುದು. ಹಿಂದೆ ಕೂಡುವವರನ್ನು ಯಾರಾದರೂ ಕೇಳಿದ್ದಾರೇನು? ಕ್ರೂಸರಿನ ಹಿಂದಿನ ಸೀಟು ಬಹಳ ಗಾಡಿಗಳಲ್ಲಿ ಮುಂದಿನದಕ್ಕಿಂತ ಸಣ್ಣದು. ಸೀರೆ ಉಟ್ಟು ಒಂದು ಕಡೆ ಕೂತು, ತೊಡೆಯ ಮೇಲೆ ಕೂಸು, ಕೈಯಲ್ಲಿ ಬುತ್ತಿಯ ಗಂಟು, ಇದು ನಮ್ಮ ಹೆಣ್ಣುಮಕ್ಕಳು ಪ್ರಯಾಣ ಮಾಡುವ ರೀತಿ. ಗಂಡ ಕಾಲು ಚಾಚಿ ರಾಜನಂತೆ ಕೂತಾಗ ರಾಣಿಗೆ ಸಿಕ್ಕ ಜಾಗ ಗೇಣುದ್ದ.

ನನ್ನ ಮೇಲೆ ಬರುವ ಮಾತು ನನಗೆ ಗೊತ್ತು. "ಮಾಸ್ತರರಿಗೆ ಹೊಟ್ಟೆಕಿಚ್ಚು" ಅನ್ನುವವರಿಗೆ ಉತ್ತರ ಕೊಡೋದಿಲ್ಲ. "ಎಲ್ಲದಕ್ಕೂ ಲೆಕ್ಕ ಹಾಕಿದ್ರ ಬದುಕೋದು ಯಾವಾಗ?" ಅನ್ನುವವರಿಗೆ, ಹಪ್ತಾ ನಿಮ್ಮ ಕೈಯಿಂದ ಹೋಗುತ್ತಿದ್ದರೆ ನನ್ನ ಅಡ್ಡಿ ಇಲ್ಲ. ಆದರೆ ಮೂರನೆಯ ಮಾತೊಂದಿದೆ, ಅದಕ್ಕೆ ತೂಕವಿದೆ: "ರೈತನ ಮಗ ಜೀವನಪೂರ್ತಿ ಸ್ಪ್ಲೆಂಡರ್ ಮ್ಯಾಲೇ ಸಾಯಬೇಕೇನು? ಪುಣೆಯ ಐಟಿ ಹುಡುಗ ತಂದ್ರ ಹವ್ಯಾಸ, ನಾವು ತಂದ್ರ ಉಡಾಳತನ?"

ಈ ಮಾತು ಖರೆ. ದೊಡ್ಡ ಗಾಡಿಯ ಆಸೆ ಕೆಟ್ಟದ್ದಲ್ಲ, ಅದು ಪಟ್ಟಣದವರ ಗುತ್ತಿಗೆಯೂ ಅಲ್ಲ. ನಮ್ಮ ಹಿಂದಿನವರೂ ಗಾಡಿಯ ಮೋಹ ಪಟ್ಟವರೇ. ಮೈಸೂರಿನಲ್ಲಿ 1961ರಿಂದ 1996ರ ತನಕ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸುತ್ತಿದ್ದರು. ಆ ಯೆಜ್ಡಿಯ ಸಪ್ಪಳ ಕೇಳಿದರೆ ಇವತ್ತಿಗೂ ಎದ್ದು ಹೊರಗೆ ಬರುವ ಮುದುಕರು ಇದ್ದಾರೆ. ಅದಕ್ಕೆ ಎರಡೂ ಕಡೆ ಹಾಲಿನ ಕ್ಯಾನು ಕಟ್ಟುತ್ತಿದ್ದರು, ಗಾಡಿ ತನ್ನ ರೊಕ್ಕ ತಾನೇ ದುಡಿದು ತೀರಿಸುತ್ತಿತ್ತು. ಐಟಿ ಹುಡುಗನಿಗೂ ನಮ್ಮ ಹುಡುಗನಿಗೂ ಇರುವ ಫರಕು ಆಸೆಯಲ್ಲಿಲ್ಲ. ಅವನ ಹಪ್ತಾ ಪಗಾರದಿಂದ ತಿಂಗಳಾ ಒಂದನೇ ತಾರೀಖಿಗೆ ಹೋಗುತ್ತದೆ. ನಮ್ಮ ಆದಾಯ ವರ್ಷಕ್ಕೆ ಒಂದು ಸಲ, ಅದೂ ಮಳೆ ಒಪ್ಪಿದರೆ. ಹಪ್ತಾ ಮಾತ್ರ ಹನ್ನೆರಡು ಸಲ. ಆ ನಡುವಿನ ಹನ್ನೊಂದು ತಿಂಗಳು ಯಾರ ಕೊರಳಿನ ಬಂಗಾರದಿಂದ, ಯಾವ ಸೊಸೈಟಿ ಸಾಲದಿಂದ ದಾಟುತ್ತೀರಿ ಅಂತ ಕೇಳಿದರೆ ಅದು ಅವಮಾನವಲ್ಲ.

ತೃಪ್ತಿ ಅನ್ನೋದು ಇಲ್ಲವೇ ಇಲ್ಲ ಅಂತಲೂ ನಾನು ಹೇಳಲಾರೆ. ನಮ್ಮ ಪಕ್ಕದ ಊರಿನಲ್ಲಿ ಒಬ್ಬ ನಿವೃತ್ತ ಸೈನಿಕರಿದ್ದಾರೆ. ನಿವೃತ್ತಿಯ ರೊಕ್ಕದಲ್ಲಿ, ಸಾಲವಿಲ್ಲದೆ, ದೊಡ್ಡ ಕ್ರೂಸರ್ ತಂದರು. ಹೊಲಕ್ಕೆ ಹೋಗಲು ಹಳೆಯ ಸಣ್ಣ ಗಾಡಿ ಹಾಗೇ ಇಟ್ಟುಕೊಂಡಿದ್ದಾರೆ. ಹುಣ್ಣಿಮೆಗೆ ಗಾಣಗಾಪುರ, ಮನಸು ಬಂದರೆ ಪಂಢರಪುರ, ವಿಜಯಪುರ. ನಿಧಾನ ಹೋಗುತ್ತಾರೆ, ಗೇರು ಬದಲಾಯಿಸುವ ಅವಸರವಿಲ್ಲದೆ, ಎಂಜಿನ್ ದಡದಡ ಅಂತ ಮೆಲ್ಲಗೆ ಎಳೆದುಕೊಂಡು ಹೋಗುವ ಸುಖ ಅವರ ಮುಖದ ಮೇಲೆ ಕಾಣುತ್ತದೆ. ಅವರನ್ನು ಕೇಳಿದೆ. ಅವರು ಅಂದದ್ದು: "ಬ್ಯಾಸಿಗ್ಯಾಗ ಸೋಲಾಪುರದ ಸಿಗ್ನಲ್‌ನ್ಯಾಗ ನಿಂತ್ರ ತೊಡಿ ಸುಡತೈತ್ರಿ. ನಮ್ಮ ಮನಿಯವರು ಹಿಂದ ಕೂಡೂದಿಲ್ಲ. ಸರ್ವಿಸಿಂಗಿಗೆ ಒಂದು ದಿನ ಹಾಳು. ಆದ್ರ ತಗೊಂಡಿದ್ದಕ್ಕ ನನಗ ಬೇಜಾರಿಲ್ಲ. ನನ್ನ ಅಳಿಯ ಕೇಳಿದ್ರ ಮಾತ್ರ ತಗೋ ಅನ್ನೂದಿಲ್ಲ." ಎಲ್ಲಾ ಮಾಲಕರು ಹೀಗೆ ಉತ್ತರ ಕೊಟ್ಟಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅವರಿಗೆ ಇದು ಹೇಗೆ ಸಾಧ್ಯವಾಯಿತು? ಗಾಡಿಯಿಂದ ಅವರು ಊರಿಗೆ ಏನನ್ನೂ ತೋರಿಸಬೇಕಾಗಿರಲಿಲ್ಲ, ಯಾರಿಗೂ ಬಾಕಿ ಇರಲಿಲ್ಲ.

ಅದಕ್ಕೇ ಈಗಾಗಲೇ ಗಾಡಿ ತಂದಿರುವ ತಮ್ಮಂದಿರಿಗೆ ನನ್ನ ಕೇಳಿಕೆ. ಗಾಡಿ ಮಾರ್ರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮನ್ನು ಕೇಳಿ ಕೊಳ್ಳಲು ಹೊರಟಿರುವ ಹುಡುಗನಿಗೆ ಪೂರಾ ಹೇಳ್ರಿ. ಹಪ್ತಾ ಎಷ್ಟು, ಯಾರು ಕಟ್ಟುತ್ತಾರೆ, ಎವರೇಜ್ ಎಷ್ಟು, ಹೊಲದ ದಾರಿಯಾಗ ಎಷ್ಟು ಸಲ ಸಿಕ್ಕಿಬಿತ್ತು, ಮನಿಯವರು ಹಿಂದ ಕೂಡುತ್ತಾರೋ ಇಲ್ಲೋ. ಮಾಸ್ತರರಿಗೂ ಒಂದು ಮಾತು: ಚಕ್ರಬಡ್ಡಿ, ಸರಳಬಡ್ಡಿ ಕಲಿಸುವಾಗ ಪುಸ್ತಕದೊಳಗಿನ ರಾಮು-ಶಾಮುವಿನ ಸಾಲ ಬಿಟ್ಟು ಫೈನಾನ್ಸಿನ ಈ ಫ್ಲ್ಯಾಟ್ ಲೆಕ್ಕವನ್ನೇ ಕಲಿಸ್ರಿ, ಮಕ್ಕಳು ಮನೆಗೆ ಹೋಗಿ ಅಪ್ಪನ ಹಪ್ತಾ ಪುಸ್ತಕ ತೆಗೆದು ನೋಡಲಿ.

ಮಾಲಕರ ಬಾಯಿಂದ ಈ ಮಾತು ಹೊರಡಿಸಲು ಚಹಾದಂಗಡಿಯ ಕಟ್ಟೆ ಸರಿಯಾದ ಜಾಗವಲ್ಲ ಅನ್ನೋದು ನನಗೂ ಗೊತ್ತು. ಅದಕ್ಕೆ ನಮ್ಮ ವಾಚನಾಲಯದ ಪತ್ರಿಕೆ ಇಡುವ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಇಟ್ಟಿದ್ದೇನೆ. ಹೆಸರು ಬರೆಯಬೇಕಾಗಿಲ್ಲ. ಗಾಡಿ ಯಾವುದು, ಕೊಂಡು ಎಷ್ಟು ತಿಂಗಳಾಯಿತು, ರೊಕ್ಕ ಯಾರದು, ಈಗ ತಿಂಗಳ ಖರ್ಚು ಎಷ್ಟು, ಇನ್ನೊಮ್ಮೆ ಕೊಳ್ಳುತ್ತೀರಾ ಅಂತ ಐದು ಮನೆ ಹಾಕಿದ್ದೇನೆ. ಕೊನೆಯ ಮನೆ ಸ್ವಲ್ಪ ಅಗಲ ಬಿಟ್ಟಿದ್ದೇನೆ, ಅಪ್ಪ ಅಥವಾ ಮನೆಯವರು ಬರೆಯುವುದಿದ್ದರೆ ಅದೇ ಸಾಲಿನಲ್ಲಿ ಅವರೂ ಬರೆಯಬಹುದು. ಪೆನ್ನು ಮಾತ್ರ ನೀವೇ ತರ್ರಿ, ದಾರ ಕಟ್ಟಿ ಇಟ್ಟ ಮೂರು ಪೆನ್ನು ಈಗಾಗಲೇ ಹೋಗಿವೆ.